ತಿಂಗಳ ಡಬ್ಬಕ್ಕೊಂದು ಸಾಫ್ಟ್‌ವೇರ್

ಸಾಫ್ಟ್‌ವೇರ್ ಆರಿಸುವುದೂ ಸೊಸೆಯನ್ನು ಆರಿಸುವುದೂ ಒಂದೇ, ಮನೆಗೆ ತಂದ ಮೇಲೆಯೇ ಬಣ್ಣ ಗೊತ್ತಾಗುವುದು ಎಂದು ನನ್ನ ಅತ್ತೆ ಹೇಳಿದ್ದು ನನ್ನ ಮುಖ ನೋಡಿಕೊಂಡೇ. ನಾನು ಬಿಡುತ್ತೇನೆಯೇ? "ಅತ್ತೆಯನ್ನು ಆರಿಸುವ ಕ್ರಮವೇ ಇಲ್ಲವಲ್ಲ, ಅದಕ್ಕೆ ಎಂತ ಮಾಡುವುದು?" ಎಂದೆ. ಅವರು ಬಾಣಲೆಯಲ್ಲಿ ಹುರಿಯುತ್ತಿದ್ದ ಉದ್ದಿನಬೇಳೆಯನ್ನು ಸಟ್ಟುಗದಿಂದ ಇನ್ನೂ ಜೋರಾಗಿ ಆಡಿಸಿದರು. ನಗು ಬಂದರೆ ಅವರು ಹಾಗೆಯೇ ಮಾಡುವುದು.

ನಮ್ಮ ಮನೆ ಉಡುಪಿಯಲ್ಲಿ, ರಥಬೀದಿಗೆ ನಡೆದು ಹೋಗುವಷ್ಟು ಹತ್ತಿರ. ಅತ್ತೆ ಹುಳಿಪುಡಿಗೆ ಹುರಿಯಲು ಕೂತರೆ ದಾರಿಯಲ್ಲಿ ಹೋಗುವವರ ಕಾಲು ನಿಧಾನವಾಗುತ್ತಿತ್ತು. ಎಸ್‌ಟಿಡಿ ಬೂತುಗಳ ಪಕ್ಕದಲ್ಲೇ ಸೈಬರ್ ಕೆಫೆಗಳು ಬಾಗಿಲು ತೆರೆಯುತ್ತಿದ್ದ ಕಾಲ ಅದು. ಮಣಿಪಾಲದಲ್ಲಿ ಪಾಠ ಮಾಡುತ್ತಿದ್ದ ನನ್ನ ಗಂಡ ಒಂದು ಬೇಸಿಗೆ ರಜೆಯಲ್ಲಿ ತಮಾಷೆಗೆ ಒಂದು ವೆಬ್‌ಸೈಟ್ ಮಾಡಿ, ಅಮ್ಮನ ಪುಡಿಗಳ ಫೋಟೊ ತೆಗೆದು ಹಾಕಿದರು. ಅವರಿಗೆ ಅದು ತಮಾಷೆ, ನನಗಲ್ಲ. ಪುಣೆಯಿಂದ ಮೊದಲ ಆರ್ಡರ್ ಬಂದ ದಿನವೇ ಇನ್ನು ಇದು ನನ್ನ ಉದ್ಯೋಗ ಎಂದು ನಾನು ಮನೆಯಲ್ಲಿ ಸಾರಿಬಿಟ್ಟೆ. ಯಾರೂ ಎದುರು ಮಾತಾಡಲಿಲ್ಲ. ಮಾತಾಡಿದರೆ ಕೇಳುವವಳು ನಾನಲ್ಲ ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಬೇಕಾದಾಗ ಒಮ್ಮೆ ತರಿಸಿಕೊಳ್ಳುವವರು ಒಂದು ಬಗೆ. ಪ್ರತಿ ತಿಂಗಳೂ ತಾವು ಕೇಳದೆಯೇ ಬರಲಿ ಎನ್ನುವವರು ಇನ್ನೊಂದು ಬಗೆ. ಈ ಎರಡನೆಯವರಿಗಾಗಿ ನಾನು ಹುಟ್ಟುಹಾಕಿದ್ದು ತಿಂಗಳ ಡಬ್ಬ: ಹುಳಿಪುಡಿ, ಸಾರಿನ ಪುಡಿ, ಉದ್ದಿನ ಹಪ್ಪಳ, ಮಜ್ಜಿಗೆ ಮೆಣಸು, ಮತ್ತೆ ಆ ಕಾಲಕ್ಕೆ ಸಿಗುವ ಏನಾದರೂ ಒಂದು. ತರಿಸುತ್ತಿದ್ದವರು ಹೆಚ್ಚಾಗಿ ನಮ್ಮ ಕಡೆಯವರೇ, ಮುಂಬೈ, ದೆಹಲಿ, ಹೈದರಾಬಾದಿನಲ್ಲಿ ನೆಲೆಯಾದವರು. ಪುಡಿ ಆಗುವುದು ಉಡುಪಿಯ ನಮ್ಮ ಅಡುಗೆಮನೆಯಲ್ಲಿ. ಡಬ್ಬ ಕಟ್ಟುವುದು ಕಾಪುವಿನಲ್ಲಿ, ಹೆದ್ದಾರಿ ಬದಿಯಲ್ಲಿದ್ದ ನನ್ನ ತವರಿನವರ ಖಾಲಿ ಅಂಗಡಿ ಕೋಣೆಯಲ್ಲಿ. ಅಲ್ಲಿ ಕೆಲಸಕ್ಕೆ ಇಬ್ಬರು ಹೆಂಗಸರಿದ್ದರು, ಕೊರಿಯರ್ ವ್ಯಾನು ಬಾಗಿಲಿಗೇ ಬರುತ್ತಿತ್ತು. ನಾನು ಬೆಳಿಗ್ಗೆ ಪುಡಿಯ ಚೀಲಗಳೊಂದಿಗೆ ಸರ್ವಿಸ್ ಬಸ್ಸು ಹತ್ತಿದರೆ ಕಂಡಕ್ಟರ್ ಟಿಕೆಟು ಹರಿಯುವ ಮೊದಲು ಒಮ್ಮೆ ಸೀನುತ್ತಿದ್ದ.

ಡಬ್ಬದವರು ಹೆಚ್ಚಾದಂತೆ ನನ್ನ ಮಂಡೆಬಿಸಿಯೂ ಹೆಚ್ಚಿತು. ಒಬ್ಬರ ಕಾರ್ಡಿನ ಅವಧಿ ಮುಗಿದಿರುತ್ತದೆ. ಒಬ್ಬರು ಮನೆ ಬದಲಿಸಿರುತ್ತಾರೆ. ಒಬ್ಬರು ಮಗಳ ಬಾಣಂತನಕ್ಕೆ ಹೋಗುತ್ತೇವೆ, ಎರಡು ತಿಂಗಳು ಬೇಡ ಎನ್ನುತ್ತಾರೆ, ಆಮೇಲೆ ಮತ್ತೆ ಶುರು ಮಾಡಿ ಎಂದು ಹೇಳಲು ಮರೆತು, ಯಾಕೆ ಕಳಿಸಲಿಲ್ಲ ಎಂದು ನನ್ನನ್ನೇ ಬೈಯುತ್ತಾರೆ. ಕಂಪ್ಯೂಟರಿನಲ್ಲಿ ನಾನೇ ಹಾಕಿಟ್ಟ ಪಟ್ಟಿಗಳು ಈ ಭಾರ ಹೊರಲಾರದೆ ಹೋದವು. ತಿಂಗಳ ಗಿರಾಕಿಗಳನ್ನು ನೋಡಿಕೊಳ್ಳಲೆಂದೇ ಸಾಫ್ಟ್‌ವೇರ್ ಉಂಟು, ದುಡ್ಡು ಅದೇ ಪಡೆಯುತ್ತದೆ, ಅದೇ ನಿಲ್ಲಿಸುತ್ತದೆ, ಅದೇ ಮತ್ತೆ ಶುರು ಮಾಡುತ್ತದೆ ಎಂದು ಗಂಡ ಹೇಳಿದಾಗ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವರಿಗೆ ಬೈದು, ಮರುದಿನದಿಂದಲೇ ಹುಡುಕಲು ಹೊರಟೆ.

ಆಗಲೇ ಅತ್ತೆ ತಮ್ಮ ಷರತ್ತು ಇಟ್ಟದ್ದು.

ಅದು ಚಾತುರ್ಮಾಸ್ಯದ ವಿಷಯ. ನಮ್ಮಲ್ಲಿ ವ್ರತ ಹಿಡಿದವರು ಆಷಾಢದ ಏಕಾದಶಿಯಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು ಒಂದೊಂದನ್ನು ಬಿಡುತ್ತಾರೆ. ಮೊದಲ ತಿಂಗಳು ತರಕಾರಿ ಇಲ್ಲ, ಮೆಣಸು ಹುಣಸೆಹುಳಿಯೂ ಇಲ್ಲ. ಎರಡನೆಯದರಲ್ಲಿ ಮೊಸರು ಮಜ್ಜಿಗೆ ಇಲ್ಲ. ಮೂರನೆಯದರಲ್ಲಿ ಹಾಲು ಇಲ್ಲ. ನಾಲ್ಕನೆಯದು ದ್ವಿದಳ, ಬೇಳೆಕಾಳು ಯಾವುದೂ ಇಲ್ಲ. ಈಗ ನನ್ನ ಡಬ್ಬ ನೋಡಿ. ಮಜ್ಜಿಗೆ ಮೆಣಸಿನಲ್ಲಿ ಮಜ್ಜಿಗೆ. ಹುಳಿಪುಡಿಯಲ್ಲಿ ಉದ್ದು, ಕಡಲೆ, ಮೆಂತೆ. ಹಪ್ಪಳವಂತೂ ಪೂರ್ತಿ ಉದ್ದೇ. ಗಿರಾಕಿಗಳು ಕೆಲವರೇ ಇದ್ದಾಗ ಅತ್ತೆ ಪುಡಿ ತುಂಬುವಾಗಲೇ ಇದು ವ್ರತದವರಿಗೆ, ಇದು ಅಲ್ಲ ಎಂದು ಹೇಳುತ್ತಿದ್ದರು. ವ್ರತದವರಿಗೆ ಆ ತಿಂಗಳು ಬೇರೆ ಹಾಕುತ್ತಿದ್ದೆವು, ಅಕ್ಕಿ ಹಪ್ಪಳವೋ, ಕಾಳುಮೆಣಸು ಜೀರಿಗೆಯ ಪುಡಿಯೋ. ಈಗ ಅವರ ನೆನಪಿಗೂ ಮಿತಿ ಬಂದಿತ್ತು.

"ನಿನ್ನ ಮೆಷಿನು ಎಂತ ಬೇಕಾದರೂ ಮಾಡಲಿ," ಎಂದರು ಅತ್ತೆ. "ನಮ್ಮ ಡಬ್ಬದಿಂದ ಒಬ್ಬರ ವ್ರತ ಕೆಟ್ಟರೂ ಅವತ್ತಿಗೆ ನಾನು ಸಟ್ಟುಗ ಕೆಳಗಿಟ್ಟೆ. ಮತ್ತೆ ನನ್ನನ್ನು ಕೇಳಬೇಡ."

ಅವರು ಹೇಳಿದರೆ ಹೇಳಿದ್ದೇ. ಆ ಪುಡಿ ಅವರ ಕೈಯಲ್ಲಿ ಬಂದ ಹಾಗೆ ನನ್ನ ಕೈಯಲ್ಲಿ ಬರುವುದಿಲ್ಲ. ನಾನು ಎಷ್ಟು ಹುರಿದರೂ ಒಂದೋ ಹಸಿ, ಒಂದೋ ಕರಿ. ಅವರು ಸಟ್ಟುಗ ಕೆಳಗಿಟ್ಟರೆ ನನ್ನ ವೆಬ್‌ಸೈಟು, ಕಾಪುವಿನ ಕೋಣೆ, ಆ ಇಬ್ಬರು ಹೆಂಗಸರ ಕೆಲಸ ಎಲ್ಲವೂ ಅಲ್ಲಿಗೆ ಮುಗಿಯಿತು. ಹಾಗಾಗಿ ನಾನು ಸಾಫ್ಟ್‌ವೇರ್ ಹುಡುಕುವಾಗ ಅಗ್ಗವೋ ದುಬಾರಿಯೋ ಎಂದು ಕೇಳುವ ಮೊದಲು ಕೇಳುತ್ತಿದ್ದದ್ದು ಒಂದೇ: ಇದಕ್ಕೆ ಚಾತುರ್ಮಾಸ್ಯ ಗೊತ್ತುಂಟಾ?

ಮೊದಲು ನೋಡಿದ್ದು ವಿದೇಶದ್ದೊಂದು. ಇಂಟರ್ನೆಟ್ಟಿನಲ್ಲೇ ನಡೆಯುವಂಥದ್ದು, ಒಂದು ತಿಂಗಳು ಪುಕ್ಕಟೆ ಬಳಸಿ ನೋಡಬಹುದು. ಚೆನ್ನಾಗಿಯೇ ಇತ್ತು. ನಾನು ಇಂಗ್ಲಿಷಿನಲ್ಲಿ ಉದ್ದದ ಇಮೇಲ್ ಬರೆದು ನಾಲ್ಕು ತಿಂಗಳ ವ್ರತವನ್ನು ವಿವರಿಸಿ, ಇದಕ್ಕೆ ದಾರಿ ಉಂಟೇ ಎಂದು ಕೇಳಿದೆ. ಬಹಳ ಮರ್ಯಾದೆಯ ಉತ್ತರ ಬಂತು. ನಿಮ್ಮ ನಾಲ್ಕು ತಿಂಗಳ ಹಬ್ಬಕ್ಕೆ ಶುಭಾಶಯಗಳು, ಹಬ್ಬದ ವಿಶೇಷ ರಿಯಾಯಿತಿ ಕೊಡುವ ಸೌಲಭ್ಯ ನಮ್ಮಲ್ಲಿದೆ ಎಂದಿತ್ತು. ನಾನು ಓದಿ ಹೇಳಿದಾಗ ಅತ್ತೆ, "ಉಪವಾಸಕ್ಕೆ ರಿಯಾಯಿತಿಯಾ? ಕರ್ಮ!" ಎಂದರು. ಅದು ಅಲ್ಲಿಗೆ ಮುಗಿಯಿತು.

ಎರಡನೆಯವನು ಬೆಂಗಳೂರಿನಿಂದ ಬಂದವನು. ಮಣಿಪಾಲದ ಒಂದು ಹೋಟೆಲಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿಟ್ಟು, ಕಾಫಿ ತಣ್ಣಗಾಗುವುದನ್ನೂ ನೋಡದೆ ಮಾತಾಡಿದ. ಹುಡುಗ ಚುರುಕು, ಸಾಮಾನೂ ಒಳ್ಳೆಯದು, ಸುಳ್ಳು ಹೇಳಬಾರದು. ಕಾರ್ಡಿನಿಂದ ಒಮ್ಮೆ ದುಡ್ಡು ಬಾರದಿದ್ದರೆ ಎರಡು ದಿನ ಬಿಟ್ಟು ತಾನೇ ಮತ್ತೆ ಪ್ರಯತ್ನಿಸುತ್ತಿತ್ತು. ವಿಳಾಸ ಬದಲಾದರೆ ಮುಂದಿನ ಡಬ್ಬ ಹೊಸ ವಿಳಾಸಕ್ಕೆ. ನಿಲ್ಲಿಸಿದವರಿಗೆ ಯಾವಾಗ ಶುರು ಮಾಡಲಿ ಎಂದು ತಾನೇ ನೆನಪಿಸುತ್ತಿತ್ತು. ನನ್ನ ಅರ್ಧ ಮಂಡೆಬಿಸಿ ಅಲ್ಲೇ ಇಳಿಯಿತು. ಸಹಿ ಹಾಕಲು ಕೈ ತುರಿಸುತ್ತಿತ್ತು.

"ಚಾತುರ್ಮಾಸ್ಯ?" ಎಂದು ಕೇಳಿದೆ.

"ಅದೇನ್ ದೊಡ್ಡ ವಿಷ್ಯ ಅಲ್ಲ ಮೇಡಂ. ಕಸ್ಟಮರ್ ಲಾಗಿನ್ ಆಗಿ ಆ ತಿಂಗಳು ಬೇಡದೇ ಇರೋ ಐಟಂ ತೆಗೀಬಹುದು. ಅವ್ರಿಗೆ ಗೊತ್ತಿರುತ್ತಲ್ಲ?"

ಆಮೇಲೆ ಇನ್ನೊಂದು ಪುಟ ತೋರಿಸಿದ. ಯಾರಾದರೂ ಏನನ್ನಾದರೂ ಬೇಡ ಎಂದರೆ ಕೂಡಲೇ ಒಂದು ಚೌಕ ಎದ್ದು ನಿಂತು, ಯಾಕೆ ಬೇಡ ಎಂದು ಕೇಳುತ್ತದೆ. ಕೆಳಗೆ ಕಾರಣಗಳು ಸಾಲಾಗಿ: ದುಬಾರಿಯಾಯಿತೇ, ಇಷ್ಟವಾಗಲಿಲ್ಲವೇ, ಬೇರೆ ಕಡೆ ಸಿಕ್ಕಿತೇ. ಒಂದನ್ನು ಒತ್ತದೆ ಮುಂದೆ ಹೋಗಲು ಬಿಡುವುದೇ ಇಲ್ಲ. ಇದೇ ತಮ್ಮ ಸಾಫ್ಟ್‌ವೇರಿನ ದೊಡ್ಡ ಶಕ್ತಿ ಎಂದ. ಆಗ ನನಗೂ ಅದು ಒಳ್ಳೆಯದೆಂದೇ ಕಂಡಿತು.

ಮನೆಗೆ ಬಂದು ಹೇಳಿದರೆ ಅತ್ತೆಗೆ ಕಾರಣ ಕೇಳುವ ಚೌಕ ಬಹಳ ಹಿಡಿಸಿತು. ಬೇಡದ್ದನ್ನು ಗಿರಾಕಿಗಳೇ ತೆಗೆಯುವುದು ಮಾತ್ರ ಹಿಡಿಸಲಿಲ್ಲ. "ಅಂದರೆ ವ್ರತ ಮಾಡುವವರೇ ಪ್ರತಿ ತಿಂಗಳು ಎದ್ದು ಕೂತು ಇದು ಬೇಡ, ಅದು ಬೇಡ ಅನ್ನಬೇಕಾ? ಮತ್ತೆ ಅಂಗಡಿಯವಳು ಅಂತ ನೀನು ಎಂತಕ್ಕೆ ಇರುವುದು?" ಎಂದರು. ಅತ್ತೆಯ ಮಾತು ಸರಿ ಇದ್ದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಬೆಂಗಳೂರಿನವನಿಗೆ ಬೇಡವೆಂದು ಫೋನ್ ಮಾಡಿದೆ. ಅವನೂ ಯಾಕೆ ಬೇಡ ಎಂದು ಕೇಳಿದ.

ಮೂರನೆಯವಳು ಕಾರ್ಕಳದವಳು. ಗಂಡನ ಹಳೆಯ ವಿದ್ಯಾರ್ಥಿನಿ, ಜೈನರ ಮನೆಯ ಹುಡುಗಿ. ಓದು ಮುಗಿಸಿ ಕಾರ್ಕಳದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಹಡಿ ಕೋಣೆ ಹಿಡಿದು, ಗೇರುಬೀಜದ ಕಾರ್ಖಾನೆಗಳಿಗೆ, ಅಕ್ಕಿಗಿರಣಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದು ಕೊಡುತ್ತಿದ್ದಳು. ಬಂದವಳು ಕಂಪ್ಯೂಟರಿನ ಬದಿಗೂ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮ, ಯಾವ ತಿಂಗಳಲ್ಲಿ ಯಾವುದು ಆಗುವುದಿಲ್ಲ ಅಂತ ನೀವೇ ಹೇಳಿ, ನಾನು ಬರೆದುಕೊಳ್ಳುತ್ತೇನೆ," ಎಂದಳು.

ಅತ್ತೆ ಸಟ್ಟುಗ ನಿಲ್ಲಿಸಿ ಅವಳನ್ನು ನೋಡಿದರು. "ನಿಮ್ಮಲ್ಲಿಯೂ ಉಂಟಲ್ವಾ ಚಾತುರ್ಮಾಸ್ಯ?"

"ಉಂಟು. ನಮ್ಮದು ಬೇರೆ ಕ್ರಮ. ಕತ್ತಲಾದ ಮೇಲೆ ಊಟವೇ ಇಲ್ಲ."

ಅಷ್ಟೇ ಸಾಕಾಯಿತು. ಅಂದಿನಿಂದ ಅವಳು ಬರುವ ದಿನ ನಮ್ಮ ಮನೆಯಲ್ಲಿ ಹಗಲು ಬೆಳಕಿರುವಾಗಲೇ ಎಲೆ ಹಾಕುವುದು, ಅವಳಿಗೆ ಬಡಿಸಿ, ಬಸ್ಸಿಗೆ ಹೊತ್ತಾಯಿತು ಎಂದು ಅತ್ತೆಯೇ ಹೊರಡಿಸುವುದು. ಅವಳ ಲೆಕ್ಕಾಚಾರ ಸರಳವಾಗಿತ್ತು. ಪ್ರತಿ ಗಿರಾಕಿಯ ಪುಟದಲ್ಲಿ ಒಂದು ಚೌಕ, ಪಕ್ಕದಲ್ಲಿ 'ವ್ರತ ಉಂಟು' ಎಂಬ ಕನ್ನಡ ಬರಹ. ಆಗೆಲ್ಲ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ, ಅಕ್ಷರವನ್ನು ಚಿತ್ರ ಮಾಡಿ ಅಂಟಿಸಿದ್ದಳು. ಗಿರಾಕಿ ಒಮ್ಮೆ ಚೌಕದಲ್ಲಿ ಸರಿ ಗುರುತು ಹಾಕಿದರೆ ಮುಗಿಯಿತು, ಆ ತಿಂಗಳು ಆಗದ್ದು ಡಬ್ಬಕ್ಕೆ ಬೀಳುವುದೇ ಇಲ್ಲ, ಅದರ ಬದಲಿಗೆ ಬೇರೆ ಬೀಳುತ್ತದೆ. ಪ್ರತಿ ವರ್ಷ ಹೊಸ ಪಂಚಾಂಗ ಬಂದಾಗ ಅತ್ತೆ ಓದುವುದು, ಅವಳು ದಿನಾಂಕ ತುಂಬುವುದು. ಗುರುತು ತೆಗೆದರೆ ಮಾಮೂಲಿ ಡಬ್ಬ.

ಜಗಳ ಹುಟ್ಟಿದ್ದು ಆ ಗುರುತು ತೆಗೆಯುವಲ್ಲಿ.

"ತೆಗೆದರೆ ಯಾಕೆ ಅಂತ ಕೇಳಬೇಕು," ಎಂದರು ಅತ್ತೆ. "ಆ ಬೆಂಗಳೂರಿನವನದ್ದರಲ್ಲಿ ಇತ್ತಲ್ಲ. ವ್ರತ ಅಂದರೆ ಎಂತ ಮಕ್ಕಳಾಟವಾ, ಹಿಡಿದದ್ದು, ಬಿಟ್ಟದ್ದು? ಕಾರಣ ಬರೆಯಲಿ."

"ಅದೊಂದು ನಾನು ಮಾಡುವುದಿಲ್ಲ ಅಮ್ಮ," ಎಂದಳು ಹುಡುಗಿ. ಮೆಲ್ಲಗೆ ಹೇಳಿದಳು, ಆದರೆ ಗಟ್ಟಿಯಾಗಿ. "ನನ್ನ ಅಜ್ಜಿಗೆ ಸಕ್ಕರೆ ಕಾಯಿಲೆ. ರಾತ್ರಿ ಗುಳಿಗೆಯ ಮೊದಲು ಎಂತಾದರೂ ತಿನ್ನಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ. ಇಷ್ಟು ವಯಸ್ಸಿನವರೆಗೆ ಕತ್ತಲಾದ ಮೇಲೆ ನೀರಿಗೂ ಯೋಚನೆ ಮಾಡಿದವರು. ಈಗ ಅವರು ತಟ್ಟೆ ಹಿಡಿದು ಕೂತರೆ ಬಂದವರೆಲ್ಲ ಕೇಳುವುದು, ಅಯ್ಯೋ, ಯಾಕೆ ಈಗ ತಿನ್ನುವುದು ಅಂತ. ಪ್ರತಿ ಸಲ ಅವರು ಕಾರಣ ಹೇಳಬೇಕು. ಹೇಳಿ ಹೇಳಿ ಸಾಕಾಗಿ ಈಗ ಬಾಗಿಲು ಹಾಕಿಕೊಂಡು ತಿನ್ನುತ್ತಾರೆ, ಕದ್ದು ತಿಂದ ಹಾಗೆ. ನನ್ನ ಸಾಫ್ಟ್‌ವೇರ್ ಯಾರನ್ನೂ ಹಾಗೆ ಕೇಳುವುದಿಲ್ಲ. ಯಾರು ತೆಗೆದದ್ದು, ಯಾವಾಗ ತೆಗೆದದ್ದು, ಬರೆದೂ ಇಡುವುದಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ನಾನು ತಮ್ಮ ಪರವೇ ಹೇಳುತ್ತೇನೆ ಎಂಬ ಧೈರ್ಯ ಅವರಿಗಿತ್ತು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಕಾರಣ ಗೊತ್ತಿರುವುದು ಲಾಭವೇ. ಆದರೆ ಬಾಗಿಲು ಹಾಕಿಕೊಂಡು ತಿನ್ನುವ ಆ ಕಾಣದ ಅಜ್ಜಿ ನನ್ನ ಕಣ್ಣೆದುರು ಬಂದು ಕೂತುಬಿಟ್ಟಿದ್ದರು.

"ಕೇಳುವುದು ಬೇಡ," ಎಂದೆ. "ಇದನ್ನೇ ತೆಗೆದುಕೊಳ್ಳುವುದು, ಹೀಗೆಯೇ."

"ಹಾಗಾದರೆ ನನ್ನ ಮಾತಿಗೆ ಬೆಲೆ ಇಲ್ಲ."

"ನಿಮ್ಮ ಷರತ್ತು ವ್ರತ ಕೆಡಬಾರದು ಅಂತ. ಅದು ಕೆಡುವುದಿಲ್ಲ. ಬಿಡುವವರನ್ನು ಹಿಡಿದು ನಿಲ್ಲಿಸುತ್ತೇನೆ ಅಂತ ನಾನು ಎಲ್ಲಿ ಹೇಳಿದ್ದೇನೆ?"

ಅವರು ಕೆಲವು ದಿನ ನನ್ನೊಡನೆ ಮಾತು ಬಿಟ್ಟರು. ಸಟ್ಟುಗ ಬಿಡಲಿಲ್ಲ, ಅಷ್ಟು ಸಾಕಿತ್ತು ನನಗೆ. ಮಾತು ಮತ್ತೆ ಶುರುವಾದದ್ದೂ ಒಂದು ಅಪ್ಪಣೆಯಿಂದಲೇ. "ನನ್ನನ್ನೂ ಗಿರಾಕಿ ಮಾಡು. ನಿನ್ನ ಮೆಷಿನು ಎಂತ ಕಳಿಸುತ್ತದೆ ಅಂತ ನಾನೇ ನೋಡಬೇಕು." ಪುಡಿ ಮಾಡಿದವರಿಗೇ ಪುಡಿಯ ಡಬ್ಬ! ಕಾಪುವಿನಲ್ಲಿ ಕಟ್ಟಿದ ಡಬ್ಬ ಕೊರಿಯರಿನಲ್ಲಿ ಉಡುಪಿಯ ನಮ್ಮ ಜಗುಲಿಗೆ ಬರುತ್ತಿತ್ತು. ಕೊರಿಯರಿನವ ಸಹಿ ಮಾಡಿಸಿಕೊಂಡು, "ಎಂತ ಅಮ್ಮ, ನಿಮ್ಮ ಮನೆಯದ್ದೇ ನಿಮಗೆ ಬರುವುದಾ?" ಎಂದು ನಗುತ್ತಿದ್ದ. "ಹೌದು ಮಾರಾಯ, ನಿನಗೆಂತ ಕಷ್ಟ?" ಎನ್ನುತ್ತಿದ್ದರು ಅತ್ತೆ.

ಮೌಸ್ ಹಿಡಿಯುವುದನ್ನು ಅವರಿಗೆ ಕಲಿಸಿದ್ದೂ ಕಾರ್ಕಳದ ಹುಡುಗಿಯೇ. ತಮ್ಮ ಪುಟ ತೆರೆದು, 'ವ್ರತ ಉಂಟು' ಎಂಬಲ್ಲಿ ತಾವೇ ಗುರುತು ಹಾಕಿ, ಪರದೆಗೆ ಒಂದು ಸಣ್ಣ ನಮಸ್ಕಾರ ಮಾಡಿದರು. ಆ ವರ್ಷ ದ್ವಿದಳದ ತಿಂಗಳಲ್ಲಿ ಡಬ್ಬ ಬಂದಾಗ ಒಂದೊಂದೇ ಪೊಟ್ಟಣವನ್ನು ಮೂಗಿಗೆ ಹಿಡಿದು ನೋಡಿದರು. ಉದ್ದಿನ ಸುಳಿವೂ ಇರಲಿಲ್ಲ. "ಅಡ್ಡಿಯಿಲ್ಲ," ಎಂದರು. ಅವರ ಬಾಯಿಂದ ಅದು ಬಂದರೆ ಬಿರುದು ಬಂದ ಹಾಗೆ. ನಾನು ಆ ದಿನ ಕಾಪುವಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಹೋದೆ.

ಹೀಗೆ ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ವ್ರತ ಕೆಟ್ಟಿತೆಂದು ಒಂದೇ ಒಂದು ದೂರು ಬರಲಿಲ್ಲ. ಪೆರ್ಡೂರು ಮೂಲದ ಒಂದು ಕುಟುಂಬದವರು ವ್ರತ ಬಿಟ್ಟಿದ್ದಾರಂತೆ ಹೌದಾ ಎಂದು ಅತ್ತೆ ಒಮ್ಮೆ ಮೆಲ್ಲಗೆ ಬಾಯಿ ಬಿಡಿಸಲು ನೋಡಿದರು. "ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವವಳಲ್ಲ," ಎಂದೆ. "ಜಂಬಕ್ಕೇನೂ ಕಡಿಮೆ ಇಲ್ಲ," ಎಂದು ಒಳಗೆ ಹೋದರು.

ಆಮೇಲೆ ಅವರಿಗೆ ಹೊಟ್ಟೆಯ ಆಪರೇಷನ್ ಆಯಿತು, ಮಣಿಪಾಲದಲ್ಲಿ. ಆಪರೇಷನ್ ಸರಿಯಾಗಿಯೇ ಆಯಿತು, ಶಕ್ತಿ ಮಾತ್ರ ಹಿಂದಿರುಗಲಿಲ್ಲ. ಮತ್ತೆ ತೋರಿಸಲು ಕರೆದುಕೊಂಡು ಹೋದಾಗ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ಅಮ್ಮ, ಮೊಟ್ಟೆ ಮೀನು ನೀವು ತಿನ್ನುವುದಿಲ್ಲ. ಬೇಳೆಯನ್ನೂ ಬಿಟ್ಟರೆ ಗಾಯ ಒಣಗುವುದು ಹೇಗೆ? ಎರಡು ಹೊತ್ತೂ ಬೇಳೆ ತಿನ್ನಬೇಕು," ಎಂದರು. ದ್ವಿದಳದ ತಿಂಗಳು ಆಗಷ್ಟೇ ಶುರುವಾಗಿತ್ತು. ಅತ್ತೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು. ಬರುವಾಗ ಕಾರಿನಲ್ಲಿ ನಾನು "ಅತ್ತೆ..." ಎಂದು ಬಾಯಿ ತೆರೆದದ್ದೇ ತಡ, "ಡ್ರೈವರಿಗೆ ದಾರಿ ಹೇಳು," ಎಂದು ಕಿಟಕಿಯ ಕಡೆ ತಿರುಗಿದರು.

ನನ್ನ ಗಂಡ ಬೇಡಿಕೊಂಡರು. ನಾನು ಬೈದೆ. ರೋಗಿಗಳಿಗೆ ವ್ರತದಲ್ಲಿ ವಿನಾಯಿತಿ ಉಂಟೆಂದು ಪರಿಚಯದ ಪುರೋಹಿತರೊಬ್ಬರು ಬಂದು ಹೇಳಿ ಹೋದರು. ಹೌದು, ಉಂಟು ಎಂದು ತಲೆಯಾಡಿಸಿ, ಅತ್ತೆ ಅನ್ನಕ್ಕೆ ಕಾಳುಮೆಣಸಿನ ಸಾರನ್ನೇ ಹಾಕಿಸಿಕೊಂಡರು. ಈಗ ಅಡುಗೆ ನನ್ನದು. ಒಂದು ದಿನ ಅವರು ಹುರಿಯಲು ಕೂತು ಸಟ್ಟುಗ ಎತ್ತಿದರೆ ಕೈ ನಡುಗಿತು. ಅವರೇ ಅದನ್ನು ಕೆಳಗಿಟ್ಟರು. ಯಾರ ವ್ರತವೂ ಕೆಟ್ಟಿರಲಿಲ್ಲ, ಆದರೂ ಸಟ್ಟುಗ ಕೆಳಗೆ ಬಂದಿತ್ತು. ಆ ದಿನ ಕಾಪುವಿನ ಕೋಣೆಯಲ್ಲಿ ರಟ್ಟಿನ ಡಬ್ಬಗಳ ಹಿಂದೆ ನಿಂತು ನಾನು ಅತ್ತುಬಿಟ್ಟೆ. ವ್ಯಾಪಾರಕ್ಕಾಗಿ ಅಲ್ಲ. ಈ ಹೆಂಗಸು ನನ್ನೊಡನೆ ಇಷ್ಟು ವರ್ಷ ಜಗಳ ಮಾಡಿದ್ದಾರೆ, ಇವರಿಲ್ಲದೆ ನಾನು ಯಾರೊಡನೆ ಜಗಳ ಮಾಡಲಿ ಎಂದು ಅತ್ತದ್ದು.

ಆ ವಾರದ ಕೊನೆಯಲ್ಲಿ ನಾನು ಮನೆಯಲ್ಲಿದ್ದಾಗಲೇ ಅತ್ತೆಯ ತಿಂಗಳ ಡಬ್ಬ ಬಂತು. ಅವರು ಒಳಗೆ ಮಲಗಿದ್ದರು. ನಾನೇ ಬಿಚ್ಚಿದೆ. ಮೇಲೆಯೇ ಹುಳಿಪುಡಿ. ಅದರ ಕೆಳಗೆ ಉದ್ದಿನ ಹಪ್ಪಳ.

ನನಗೆ ಮೈ ಉರಿದು ಹೋಯಿತು. ಇಷ್ಟು ವರ್ಷ ಬಾರದ ತಪ್ಪು ಬಂದೂ ಬಂದೂ ಈ ತಿಂಗಳು, ಈ ಮನೆಗೆ, ಇವರ ಹೆಸರಿಗೇ ಬರಬೇಕೇ? ಕಾರ್ಕಳಕ್ಕೆ ಫೋನ್ ಮಾಡಿ, ಹುಡುಗಿ ಹಲೋ ಎನ್ನುವ ಮೊದಲೇ ಬೈಯತೊಡಗಿದೆ. ಎಂತ ಸಾವು ಮಾರಾಯ್ತಿ, ನಿನ್ನ ಸಾಫ್ಟ್‌ವೇರ್ ನಂಬಿ ಕೂತದ್ದಕ್ಕೆ ಇದಾ ಫಲ, ಅವರು ಇದನ್ನು ನೋಡಿದರೆ ಏನಾಗುತ್ತದೆ ಗೊತ್ತುಂಟಾ ಎಂದು ಉಸಿರು ಬಿಡದೆ ಹೇಳಿದೆ.

"ಅಕ್ಕ, ಒಂದು ನಿಮಿಷ ನಿಲ್ಲಿ, ನೋಡಿ ಹೇಳುತ್ತೇನೆ." ಕೀಲಿಮಣೆಯ ಸದ್ದು ಕೇಳಿತು. "ತಪ್ಪಾಗಲಿಲ್ಲ ಅಕ್ಕ. ಅಮ್ಮನ ಪುಟದಲ್ಲಿ ಗುರುತು ತೆಗೆದು ಉಂಟು."

"ತೆಗೆದದ್ದು ಯಾರು? ಯಾಕೆ?"

"ಅದು ಅದರಲ್ಲಿ ಇರುವುದಿಲ್ಲ. ಕೇಳುವುದು ಬೇಡ ಅಂತ ನೀವೇ ಹೇಳಿದ್ದಲ್ವಾ?"

ಫೋನ್ ಇಟ್ಟು ಕಂಪ್ಯೂಟರಿನ ಕಡೆ ನೋಡಿದೆ. ಧೂಳು ಕೂರದಂತೆ ಅದಕ್ಕೆ ಹೊದಿಸುತ್ತಿದ್ದ ಬಟ್ಟೆಯನ್ನು ಯಾರೋ ನಾಲ್ಕಾಗಿ ಮಡಚಿ ಬದಿಗೆ ಇಟ್ಟಿದ್ದರು. ನಮ್ಮ ಮನೆಯಲ್ಲಿ ಬಟ್ಟೆಯನ್ನು ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚುವುದು ಒಬ್ಬರೇ.

ನಾನು ಅಡುಗೆಮನೆಗೆ ಹೋಗಿ ತೊಗರಿಬೇಳೆ ಬೇಯಲು ಇಟ್ಟೆ. ಸೌತೆ ಹೆಚ್ಚಿದೆ. ಡಬ್ಬದಲ್ಲಿ ಬಂದ ಪೊಟ್ಟಣವನ್ನೇ ಒಡೆದು, ಆಪರೇಷನ್ನಿಗೆ ಮೊದಲು ಅವರೇ ಹುರಿದು ಮಾಡಿಟ್ಟಿದ್ದ ಆ ಪುಡಿ ಹಾಕಿ ಹುಳಿ ಮಾಡಿದೆ. ಎರಡು ಹಪ್ಪಳ ಕಾಯಿಸಿದೆ. ಅತ್ತೆ ಎದ್ದು ಬಂದು ಎಲೆಯ ಮುಂದೆ ಕೂತರು. ನಾನು ಹುಳಿಯನ್ನು ಅನ್ನದ ಮೇಲೆ ಬಡಿಸಿದೆ, ಅವರು ಬೇಡವೆಂದು ಕೈ ಅಡ್ಡ ಹಿಡಿಯಲಿಲ್ಲ. ಗಂಡ ನೋಡಿದವರೇ "ಅಮ್ಮ, ಇದು..." ಎಂದು ಶುರು ಮಾಡಿದರು. ನಾನು ಅವರನ್ನು ನೋಡಿದ ನೋಟಕ್ಕೆ ತಲೆ ತಗ್ಗಿಸಿ ಅನ್ನ ಕಲಸತೊಡಗಿದರು. ಜೀವಮಾನದಲ್ಲಿ ಬಾಯಿ ಮುಚ್ಚಿ ಗೊತ್ತಿಲ್ಲದ ನಾನು ಅಂದು ಮುಚ್ಚಿಕೊಂಡೇ ಇದ್ದೆ.

ಅತ್ತೆ ಕಣ್ಣು ಮುಚ್ಚಿ ಒಂದು ಕ್ಷಣ ಏನೋ ಹೇಳಿಕೊಂಡರು. ಆಮೇಲೆ ಕಲಸಿ ಒಂದು ತುತ್ತು ತಿಂದರು. ಇನ್ನೊಂದು ತಿಂದರು.

"ಉಪ್ಪು ಸ್ವಲ್ಪ ಮುಂದಾಯಿತು," ಎಂದರು.

"ಹೂಂ," ಎಂದೆ.

ಊಟ ಅರ್ಧ ಆಗಿರಬಹುದು, ತಲೆ ಎತ್ತದೆಯೇ ಹೇಳಿದರು: "ಆ ಕಾರ್ಕಳದ ಹುಡುಗಿಗೆ ಒಂದು ಫೋನ್ ಮಾಡು. ಅವಳ ಅಜ್ಜಿಯನ್ನು ಕರೆದುಕೊಂಡು ಒಂದು ದಿನ ಇಲ್ಲಿಗೆ ಬರಲಿ, ಉಳಿದು ಹೋಗುವ ಹಾಗೆ. ರಾತ್ರಿಯ ಗುಳಿಗೆಯನ್ನೂ ತರಲಿ. ಇಲ್ಲಿ ನನ್ನ ಪಕ್ಕದಲ್ಲಿ ಎಲೆ ಹಾಕುತ್ತೇನೆ, ಕತ್ತಲಾದ ಮೇಲೆಯೇ. ಈ ಮನೆಯಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ ಅಂತ ಹೇಳು."